ಬಾದಾಮಿ ಸಿಕ್ಕವರ ಕೋರಿಕೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪೂಜ್ಯ ಫಾದರ್ ಅವರೇ, ಪುಸ್ತಕ ಬಿಡುಗಡೆ ಮಾಡಿ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದ ಡಾಕ್ಟರಮ್ಮನವರೇ, ಮನೆಪಾಠದ ಕುಟುಂಬಗಳ ಒಕ್ಕೂಟದ ಪದಾಧಿಕಾರಿಗಳೇ, ಮೊದಲ ಸಾಲಿನಲ್ಲಿ ಕೂತು ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ಯಜಮಾನರೇ, ತಾಯಂದಿರೇ, ಮಕ್ಕಳೇ, ಸಭಿಕರೇ,

ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ನಲವತ್ತು ವರ್ಷಗಳಿಂದ ಊರಿನವರ ಗಡಿಯಾರಗಳನ್ನೆಲ್ಲ ಸರಿ ಮಾಡಿದ್ದಾರೆ. ನಮ್ಮ ಮನೆಯ ಗೋಡೆ ಗಡಿಯಾರ ಮಾತ್ರ ಇವತ್ತಿಗೂ ಹತ್ತು ನಿಮಿಷ ಹಿಂದೆ. ಹಾಗಾಗಿ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೆ ಆ ತಪ್ಪು ಅವರದೆಂದು ತಿಳಿಯಬೇಕಾಗಿ ವಿನಂತಿ.

ಈಗ ತಾನೇ ನೀವು ನನಗೆ ಶಾಲು ಹೊದಿಸಿದಿರಿ. 'ಮನೆಯನ್ನೇ ಪಾಠಶಾಲೆಯಾಗಿಸಿದ, ಊಟದ ಮೇಜನ್ನೇ ಪೀಠವಾಗಿಸಿದ ತಾಯಿ' ಎಂದು ಅಭಿನಂದನಾ ಪತ್ರದಲ್ಲಿ ಓದಿದಿರಿ. ನನ್ನ ಹಿರಿಯ ಮಗ ಒಳ್ಳೆಯ ಬಡಗಿಯಾದದ್ದು, ಕಿರಿಯ ಮಗ ಪಾದ್ರಿಯಾಗಲು ಗುರುಮಠ ಸೇರಿದ್ದು ಎರಡೂ ಅದರಲ್ಲಿ ಬಂದಿವೆ. ಆದರೆ ನನಗೆ ಮೂವರು ಮಕ್ಕಳು. ಇವರಿಬ್ಬರ ನಡುವೆ ಒಬ್ಬ ಮಗಳಿದ್ದಾಳೆ. ಅವಳ ಹೆಸರು ಪತ್ರದಲ್ಲಿಲ್ಲ. ಬರೆದವರನ್ನು ದಯವಿಟ್ಟು ಯಾರೂ ದೂರಬೇಡಿ. ಮಾಹಿತಿ ಕೊಟ್ಟವಳು ನಾನೇ.

ನಾನು ಮದುವೆಗೆ ಮುಂಚೆ ಆರು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಒಂದು ತರಗತಿಗೆ ಅರವತ್ತೆರಡು ಮಕ್ಕಳು. ಹಾಜರಿ ಕೂಗುವಷ್ಟರಲ್ಲಿ ನನ್ನ ಗಂಟಲು ಬತ್ತುತ್ತಿತ್ತು. ಕೊನೆಯ ಬೆಂಚಿನ ಮಗು ಏನು ಕಲಿಯಿತು ಎನ್ನುವುದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ನನ್ನ ಮಕ್ಕಳನ್ನು ಆ ಗುಂಪಿನಲ್ಲಿ ಕಳೆದುಕೊಳ್ಳುವುದಿಲ್ಲ ಎಂದು ಆಗಲೇ ನಿರ್ಧರಿಸಿದ್ದೆ. ಆ ನಿರ್ಧಾರ ತಪ್ಪೆಂದು ಇವತ್ತೂ ಹೇಳಲಾರೆ. ನೀವೆಲ್ಲ ಅದೇ ದಾರಿಯಲ್ಲಿದ್ದೀರಿ, ನಿಮ್ಮನ್ನು ಹೆದರಿಸಲು ನಾನು ಬಂದಿಲ್ಲ.

ಯಜಮಾನರ ಅಂಗಡಿಯ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಹಿಟ್ಟಿನ ಡಬ್ಬಿಗಳಿದ್ದ ಬೀರುವಿನ ಬಾಗಿಲಿಗೆ ಕಪ್ಪು ಬಣ್ಣ ಬಳಿದರೆ ಅದೇ ನಮ್ಮ ಬೋರ್ಡು. ಮಕ್ಕಳು ಭಿನ್ನರಾಶಿ ಕಲಿತದ್ದು ಬ್ರೆಡ್ಡು ಕತ್ತರಿಸುತ್ತಾ. ವರ್ಷದ ಲೆಕ್ಕ ಕಲಿತದ್ದು ಹಬ್ಬಗಳಿಂದ. ಬೂದಿ ಬುಧವಾರ ಬೆಳಿಗ್ಗೆ ಸಕ್ಕರೆ ಡಬ್ಬಿಗೆ ನೇರಳೆ ಬಣ್ಣದ ಪಟ್ಟಿ ಕಟ್ಟುತ್ತಿದ್ದೆವು. ತಪಸ್ಸು ಕಾಲ ಮುಗಿಯುವವರೆಗೆ ಚಹಾಕ್ಕೂ ಸಕ್ಕರೆ ಇಲ್ಲ. ಯಜಮಾನರು ಆ ನಲವತ್ತು ದಿನ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು ಎಂದು ನನಗೆ ತಿಳಿದದ್ದು ಹೋದ ವರ್ಷ. ಈಸ್ಟರ್ ಬೆಳಿಗ್ಗೆ ಮಕ್ಕಳಲ್ಲಿ ಒಬ್ಬರು ಪಟ್ಟಿ ಕತ್ತರಿಸುವುದು, ಮೂವರೂ ಬೆರಳು ನೆಕ್ಕುವುದು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರ ನಾಲ್ಕು ಮೇಣದ ಬತ್ತಿ. ಸತ್ತವರ ಸ್ಮರಣೆಯ ದಿನ ಮೇಜಿನ ಮೇಲೆ ಒಂದು ಖಾಲಿ ತಟ್ಟೆ. ನಾವು ಸಂತೋಷವಾಗಿದ್ದೆವು. ಅದರಲ್ಲಿ ಸುಳ್ಳಿಲ್ಲ.

ಇವೆಲ್ಲ ಇವತ್ತು ಬಿಡುಗಡೆಯಾದ ನನ್ನ ಪುಸ್ತಕದಲ್ಲಿವೆ. ನಲವತ್ತೊಂದನೇ ಪುಟದಲ್ಲಿ, ಕ್ರಿಸ್‌ಮಸ್ ಆದ ಮೇಲೆ ಜನವರಿಯಲ್ಲಿ ಬರುವ ಮೂರು ರಾಯರ ಹಬ್ಬದ ಸಿಹಿ ಬ್ರೆಡ್ಡು ಇದೆ. ಬಳೆಯ ಹಾಗೆ ದುಂಡಗೆ ಸುತ್ತಿ, ಒಳಗೆ ಎಲ್ಲೋ ಒಂದು ಕಡೆ ಒಂದೇ ಒಂದು ಬಾದಾಮಿ ಹುದುಗಿಸಿ ಬೇಯಿಸುವುದು. ಯಾರ ತುಂಡಿನಲ್ಲಿ ಬಾದಾಮಿ ಬರುತ್ತದೋ ಅವರಿಗೆ ಕಾಗದದ ಕಿರೀಟ. ಕೊನೆಯ ಸಾಲು ಹೀಗಿದೆ: 'ಬಾದಾಮಿ ಸಿಕ್ಕವರು ಕೇಳಿದ್ದನ್ನು ಮನೆಮಂದಿಯೆಲ್ಲ ನಡೆಸಿಕೊಡುತ್ತಾರೆ.'

ಸಭಿಕರೇ, ಆ ಸಾಲು ನಿಜವಲ್ಲ. ಅದನ್ನು ಹೇಳದೆ ಈ ಶಾಲು ಹೊತ್ತುಕೊಂಡು ಮನೆಗೆ ಹೋಗಲು ನನಗೆ ಸಾಧ್ಯವಿಲ್ಲ.

ಮೊದಮೊದಲು ನಿಜವೇ ಆಗಿತ್ತು. ಒಂದು ವರ್ಷ ಕಿರಿಯವನಿಗೆ ಬಾದಾಮಿ ಸಿಕ್ಕಿತು. ಎಲ್ಲರೂ ಮೇಜಿನ ಕೆಳಗೆ ಕೂತು ಊಟ ಮಾಡಬೇಕೆಂದ. ಮಾಡಿದೆವು. ಯಜಮಾನರ ಸೊಂಟ ಆಮೇಲೆ ನಾಲ್ಕು ದಿನ ನೆಟ್ಟಗಾಗಲಿಲ್ಲ. ದೊಡ್ಡವನಿಗೆ ಸಿಕ್ಕಾಗ ಅಪ್ಪ ಅಂಗಡಿ ತೆರೆಯಬಾರದೆಂದ. ತೆರೆಯಲಿಲ್ಲ. ಬಾದಾಮಿ ಯಾರಿಗೆ ಹೋಗಬೇಕೆಂದು ದೇವದೂತ ಆರಿಸುತ್ತಾನೆ ಎಂದು ಮಕ್ಕಳಿಗೆ ಹೇಳಿದ್ದೆ. ನಂಬಿದ್ದರು.

ನನ್ನ ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಬಾದಾಮಿ ಅವಳಿಗೆ ಬಂತು. ಅವಳು ಕಿರೀಟ ಹಾಕಿಕೊಳ್ಳಲಿಲ್ಲ. ಬಾದಾಮಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದಳು:

"ಅಮ್ಮ, ನನ್ನನ್ನ ಸ್ಕೂಲಿಗೆ ಸೇರಿಸು."

ದೊಡ್ಡವನು ಅಗಿಯುವುದನ್ನು ನಿಲ್ಲಿಸಿದ. ನಾನು ನಕ್ಕೆ. ಮೇಡಂ ಆಗಿದ್ದವಳಲ್ಲವೇ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಅದು ಒಂದು ದಿನದ ಕೋರಿಕೆ ಅಲ್ಲ ಕಣೇ. ಇವತ್ತೇ ಮಾಡಿ ಮುಗಿಸೋ ಅಂಥದ್ದು ಏನಾದ್ರೂ ಕೇಳು."

"ಹಾಗಿದ್ರೆ ಏನೂ ಬೇಡ."

ಯಜಮಾನರು ಮೆಲ್ಲಗೆ, "ಒಂದ್ಸಲ ವಿಚಾರಿಸಿ ನೋಡೋಣ್ವಾ?" ಅಂದರು. ನಾನು ಅವರ ಮುಖ ನೋಡಿದೆ. ಅವರು ಎದ್ದು ಅಂಗಡಿಗೆ ಹೋದರು. ಹಬ್ಬದ ದಿನ ಅಂಗಡಿಯಲ್ಲಿ ಅವರಿಗೇನು ಕೆಲಸವಿತ್ತು?

ನನಗೇಕೆ ಅಷ್ಟು ಸಿಟ್ಟು ಬಂತು? ಹೇಳುತ್ತೇನೆ. ಆ ವರ್ಷ ನಾನು ಈ ಒಕ್ಕೂಟದ ಕಾರ್ಯದರ್ಶಿ. ಅದೇ ವಾರ ನಮ್ಮ ವಾರ್ಷಿಕ ಸಂಚಿಕೆ ಹೊರಬಂದಿತ್ತು. ಅದರಲ್ಲಿ ನನ್ನ ಲೇಖನ. 'ನನ್ನ ಮಕ್ಕಳು ಒಮ್ಮೆಯೂ ಶಾಲೆಯನ್ನು ಕೇಳಿಲ್ಲ' ಎನ್ನುವುದು ಅದರ ಮೊದಲ ವಾಕ್ಯ. ಅಚ್ಚಾದ ವಾಕ್ಯವನ್ನು ನಿಜವಾಗಿ ಉಳಿಸಿಕೊಳ್ಳಬೇಕಿತ್ತು. ಮಗಳಿಗಿಂತ ವಾಕ್ಯ ದೊಡ್ಡದಾಯಿತು.

ಯಾಕೆ ಎಂದು ನಾನು ಅವಳನ್ನು ಕೇಳಲಿಲ್ಲ. ಎರಡಕ್ಷರದ ಪ್ರಶ್ನೆ. ದಿನಕ್ಕೆ ನೂರು ಸಲ ಆ ಪ್ರಶ್ನೆ ಕೇಳಿರೆಂದು ಮಕ್ಕಳಿಗೆ ಕಲಿಸುತ್ತಿದ್ದವಳು ನಾನು.

ಮುಂದಿನ ವರ್ಷ ಹಿಟ್ಟು ಸುತ್ತುವಾಗ ಬಾದಾಮಿ ಇಟ್ಟ ಜಾಗದ ಅಡಿಗೆ ಗುರುತಿಗೆ ಒಂದು ಲವಂಗ ಚುಚ್ಚಿದೆ. ಬೆಂದ ಮೇಲೆ ಮಗುಚಿ ನೋಡಿಕೊಂಡೆ. ಆ ತುಂಡನ್ನು ಕಿರಿಯವನ ತಟ್ಟೆಗೆ ಹಾಕಿದೆ. ಅದರ ಮುಂದಿನ ವರ್ಷ ದೊಡ್ಡವನಿಗೆ. ಹೀಗೆ ನಾಲ್ಕು ವರ್ಷ. ಐದನೇ ವರ್ಷ ಅವಳೇ ಹೇಳಿದಳು, "ನಂಗೆ ಬ್ರೆಡ್ ಬೇಡಮ್ಮ, ನೀವು ನಾಲ್ಕು ಜನ ಹಂಚ್ಕೊಳ್ಳಿ." ಹೇಳಿ ಪಾತ್ರೆ ತೊಳೆಯಲು ಹೋದಳು. ನನಗೆ, ನಿಜ ಹೇಳಬೇಕೆಂದರೆ, ಹಗುರವಾಯಿತು. ಇನ್ನು ಲವಂಗದ ಗೊಡವೆ ಇಲ್ಲವಲ್ಲ ಎಂದು.

ಫಾದರ್ ಇಲ್ಲೇ ಕೂತಿದ್ದಾರೆ. ಪ್ರತಿ ತಿಂಗಳು ಪಾಪನಿವೇದನೆಗೆ ಹೋಗುತ್ತಿದ್ದೆ. ಕೋಪ ಮಾಡಿಕೊಂಡದ್ದು, ಜಪಸರ ಹೇಳುವಾಗ ತೂಕಡಿಸಿದ್ದು, ನಾದಿನಿಯ ಬಗ್ಗೆ ಆಡಿಕೊಂಡದ್ದು ಎಲ್ಲ ಒಪ್ಪಿಸಿದ್ದೇನೆ. ಲವಂಗದ ವಿಷಯ ಒಂದು ಸಲವೂ ಬಾಯಿಗೆ ಬರಲಿಲ್ಲ. ಅದು ಅಡುಗೆಮನೆಯ ವಿಷಯ, ಅಡುಗೆಮನೆಯಲ್ಲಿ ಪಾಪ ಇರುತ್ತದೆಯೇ ಎಂದುಕೊಂಡಿದ್ದೆ.

ಮಗಳು ಮನೆಯಿಂದಲೇ ಪರೀಕ್ಷೆ ಕಟ್ಟಿ ಮೊದಲ ದರ್ಜೆಯಲ್ಲಿ ಪಾಸಾದಳು. ಹದಿನೆಂಟಕ್ಕೆ ಬೇರೆ ಊರಿಗೆ ತರಬೇತಿಗೆ ಹೋದಳು. ಈಗ ಒಂದು ಹೆಣ್ಣುಮಕ್ಕಳ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿ. 'ದಿನಾ ಸ್ಕೂಲಿಗೆ ಹೋಗ್ತೀನಿ' ಎಂದು ನಗುತ್ತಾಳೆ. ಈಸ್ಟರ್‌ಗೆ ಒಂದು ದಿನ ಬಂದು ಹೋಗುತ್ತಾಳೆ. ಮೂರು ರಾಯರ ಹಬ್ಬಕ್ಕೆ ಬರುವುದಿಲ್ಲ.

ಹೋದ ತಿಂಗಳು ಪುಸ್ತಕದ ಅಚ್ಚು ಪ್ರತಿ ತಿದ್ದಲು ನನ್ನ ಕೈಗೆ ಬಂತು. ನಲವತ್ತೊಂದನೇ ಪುಟಕ್ಕೆ ಬಂದು ನಿಂತೆ. ಈ ಸಭೆಯಲ್ಲಿರುವ ತಾಯಂದಿರು ಮುಂದಿನ ಹಬ್ಬಕ್ಕೆ ಇದನ್ನು ಓದಿ ಬಾದಾಮಿ ಇಡುತ್ತಾರೆ, ಮಕ್ಕಳು ನಂಬಿ ಕೇಳುತ್ತಾರೆ ಎಂದು ಹೊಳೆಯಿತು. ಆ ಸಾಲನ್ನು ಹೊಡೆದುಹಾಕಲು ಪೆನ್ನು ಹಿಡಿದೆ. ಕೈ ಬರಲಿಲ್ಲ. ಹಾಗೇ ಬಿಟ್ಟೆ. ಮರುದಿನ ಬಸ್ಸು ಹತ್ತಿ ಮಗಳ ಊರಿಗೆ ಹೋದೆ.

ಮಧ್ಯಾಹ್ನದ ಹೊತ್ತು. ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದಳು. ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದಳು. ಕಾಲು ನೆಲಕ್ಕೆ ತಾಗದೆ ನಾನೇ ಶಾಲೆಯ ಹುಡುಗಿಯ ಹಾಗೆ ಕೂತು ಎಲ್ಲವನ್ನೂ ಹೇಳಿದೆ. ಬಾದಾಮಿ, ಲವಂಗ, ಸಂಚಿಕೆಯ ಲೇಖನ. ಅವಳು ನಲ್ಲಿ ನಿಲ್ಲಿಸಲಿಲ್ಲ.

"ಗೊತ್ತಿತ್ತಮ್ಮ. ಮೊದಲನೇ ವರ್ಷಾನೇ ನೋಡ್ದೆ. ತಮ್ಮ ಲವಂಗ ಕಚ್ಚಿ ತಟ್ಟೇಲಿ ಉಗುಳಿದ್ದ. ತಟ್ಟೆ ತೊಳೆಯೋಳು ನಾನೇ ಅಲ್ವಾ."

"ಯಾಕೆ ಹೇಳ್ಲಿಲ್ಲ?"

"ಅವನಿನ್ನೂ ಚಿಕ್ಕವನು. ದೇವದೂತ ಆರಿಸ್ತಾನೆ ಅಂತ ನಂಬಿದ್ದ. ಅದನ್ನ ಯಾಕೆ ಕೆಡಿಸ್ಬೇಕು?" ಒಂದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಸ್ಕೂಲು ಯಾಕೆ ಬೇಕು ಅಂತ ಯಾವತ್ತಾದ್ರೂ ಕೇಳ್ತೀಯ ಅಂತ ಕಾಯ್ತಿದ್ದೆ. ಅಷ್ಟೇ."

ಇಪ್ಪತ್ತಮೂರು ವರ್ಷ ತಡವಾಗಿ ಕೇಳಿದೆ. "ಯಾಕೆ ಬೇಕಿತ್ತು ಮಗಳೇ?"

ನಮ್ಮ ಪಕ್ಕದಲ್ಲೇ ಟೈಲರ್ ಅಂಗಡಿ. ಟೈಲರ್ ಮಗಳಿಗೂ ನನ್ನ ಮಗಳಿಗೂ ಒಂದೇ ವಯಸ್ಸು. ಬೆಳಿಗ್ಗೆ ಬ್ಯಾಗು ಹೊತ್ತು ನಮ್ಮ ಕಿಟಕಿಯ ಮುಂದೆ ಹೋಗುತ್ತಿದ್ದಳು. ಅವಳು ಹೋಗುವ ಹೊತ್ತಿಗೇ ನನ್ನ ಮಗಳಿಗೆ ಕಿಟಕಿಯ ಗಾಜು ಒರೆಸುವ ಹುಮ್ಮಸ್ಸು. ನಾನು ಅದನ್ನು ಶುಚಿತ್ವ ಎಂದುಕೊಂಡಿದ್ದೆ.

"ಅವಳಿಗೆ ಆ ವರ್ಷ ಮೂರ್ಛೆ ಬರೋಕೆ ಶುರುವಾಗಿತ್ತಮ್ಮ. ಕ್ಲಾಸಲ್ಲಿ ಎರಡು ಸಲ ಬಿದ್ಲಂತೆ. ಆಮೇಲೆ ಅವಳ ಬೆಂಚಲ್ಲಿ ಯಾರೂ ಕೂರ್ತಿರ್ಲಿಲ್ಲ. ನೀನು ಬರ್ತೀಯಾ, ನನ್ನ ಪಕ್ಕ ಕೂರ್ತೀಯಾ ಅಂತ ಕಿಟಕೀಲಿ ಕೇಳಿದ್ಲು. ಅಮ್ಮನ್ನ ಕೇಳ್ತೀನಿ ಅಂದಿದ್ದೆ." ನಳಿಗೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು. "ನಂಗೂ ಆಸೆ ಇತ್ತು, ಸುಳ್ಳು ಹೇಳಲ್ಲ. ಬೆಲ್ ಹೊಡೆದಾಗ ಎಲ್ಲರ ಜೊತೆ ಓಡ್ಬೇಕು ಅಂತ. ಆದ್ರೆ ಮೊದಲು ಅವಳಿಗೋಸ್ಕರ."

"ಆಮೇಲೆ ಅವಳಿಗೇನು ಹೇಳಿದೆ?"

"ಏನೂ ಹೇಳ್ಲಿಲ್ಲ. ಅವಳು ಹೋಗೋ ಹೊತ್ತಿಗೆ ಒಳಗಿರ್ತಿದ್ದೆ."

ಒಬ್ಬರೇ ಕೂತವರ ಪಕ್ಕದಲ್ಲಿ ಹೋಗಿ ಕೂರಬೇಕು ಎಂದು ನಾನೇ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ್ದೆ, ಸಭಿಕರೇ. ಅವಳು ಕಲಿತಿದ್ದಳು.

ನಾನು ಕ್ಷಮೆ ಕೇಳಿದೆ. ಅವಳು ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ನಿಂತಳು. "ಈಗ ಕ್ಷಮಿಸಿದೆ ಅಂದ್ರೆ ಬಾಯಿಪಾಠ ಒಪ್ಪಿಸಿದ ಹಾಗಾಗುತ್ತೆ. ಸ್ವಲ್ಪ ದಿನ ಕೊಡಮ್ಮ," ಅಂದಳು. ಬಸ್ ನಿಲ್ದಾಣದವರೆಗೂ ಬಂದು, ನನಗೆ ಕಿಟಕಿ ಪಕ್ಕದ ಸೀಟು ಹುಡುಕಿ ಕೂರಿಸಿ ಹೋದಳು. ಇವತ್ತಿನ ಸಮಾರಂಭಕ್ಕೆ ಕರೆದಿದ್ದೆ. ಇಲ್ಲಿ ನಿಂತಾಗಿನಿಂದ ಕೊನೆಯ ಸಾಲಿನ ಕಡೆ ಮೂರು ಸಲ ನೋಡಿದ್ದೇನೆ. ಬಂದಿಲ್ಲ. ಕೊಡಬೇಕಾದ ದಿನಗಳು ಇನ್ನೂ ಮುಗಿದಿಲ್ಲ, ಕೊಡುತ್ತೇನೆ.

ಪುಸ್ತಕ ಕೊಂಡವರು ನಲವತ್ತೊಂದನೇ ಪುಟದ ಕೊನೆಯ ಸಾಲಿನ ಪಕ್ಕದಲ್ಲಿ ಒಂದು ಮಾತು ಬರೆದುಕೊಳ್ಳಿ: ನಡೆಸಿಕೊಡಲು ಆಗದಿದ್ದರೆ, ಯಾಕೆ ಎಂದಾದರೂ ಕೇಳಿ.

ಇನ್ನೊಂದೇ ವಿಷಯ ಹೇಳಿ ಮುಗಿಸುತ್ತೇನೆ. ಟೈಲರ್ ಮಗಳು ಹನ್ನೆರಡಕ್ಕೇ ಶಾಲೆ ಬಿಟ್ಟಳು. ಯಾಕೆ ಬಿಟ್ಟಳೆಂದು ನಾನು ಆಗ ವಿಚಾರಿಸಲಿಲ್ಲ. 'ನೋಡಿದಿರಾ, ಶಾಲೆಗಳ ಗತಿ' ಎಂದು ನಾಲ್ಕು ಜನರಿಗೆ ಉದಾಹರಣೆ ಕೊಟ್ಟೆ. ಈಗ ಅಪ್ಪನ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ನಾನು ಇವತ್ತು ಹಾಕಿಕೊಂಡಿರುವ ರವಿಕೆಯನ್ನು ಅವಳೇ ಹೊಲಿದದ್ದು. ಹೋದ ವಾರ ಅಳತೆ ಕೊಡಲು ಹೋದಾಗ ಬಾಗಿಲು ಮುಂದೆ ಮಾಡಿ ಅವಳಿಗೆ ಎಲ್ಲ ಹೇಳಿದೆ. ನನ್ನ ಮಗಳು ಆ ವರ್ಷ ಬಾದಾಮಿ ಹಿಡಿದುಕೊಂಡು ಕೇಳಿದ್ದನ್ನು, ನಾನು ಬೇಡವೆಂದದ್ದನ್ನು.

ಅವಳು ಹೊಲಿಗೆ ಮಷೀನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಕೇಳಿದ್ಲಾ ಆಂಟಿ?" ಅಂದಳು. "ನಿಜವಾಗ್ಲೂ ಕೇಳಿದ್ಲಾ? ಅವಳಿಗೂ ನನ್ನ ಪಕ್ಕ ಕೂರೋಕೆ ಭಯ ಆಯ್ತು ಅಂದ್ಕೊಂಡಿದ್ದೆ, ಇಷ್ಟು ವರ್ಷ."

ಅವಳು ನನ್ನ ಮಗಳ ವಿಳಾಸ ಕೇಳಿದಳು. ಅಳತೆ ಬರೆಯುವ ಚೀಟಿಯಲ್ಲಿ ಬರೆದುಕೊಟ್ಟು ಬಂದೆ.

ನನ್ನ ಮಾತನ್ನು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ನನ್ನ ಯಜಮಾನರು ಕೂಡ ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ. ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.