ಇನ್ನೊಂದು ಟ್ರಿಪ್ ತಡೀತದೆ

ಇದನ್ನು ನನಗೆ ಮೊದಲು ಹೇಳಿದವಳು ಸೋಮಮ್ಮ. ಮುಳ್ಳೂರಿನಲ್ಲಿ ಅವಳ ಮನೆಗೂ ಪುಟ್ಟಸಿದ್ದಯ್ಯನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಕಿವಿಯಿಡುವಷ್ಟು ಅಗಲದ ಬಿರುಕು ಬಿಟ್ಟಿತ್ತು. ಅದಕ್ಕೆ ಮಣ್ಣು ಮೆತ್ತಿಸಲು ಸೋಮಮ್ಮ ಯಾವತ್ತೂ ಅವಸರಪಟ್ಟವಳಲ್ಲ. ಆದ್ದರಿಂದ ಮನೆಯೊಳಗಿನ ಮಾತಿಗೆ ಅವಳೇ ಸಾಕ್ಷಿ. ದಾರಿಯಲ್ಲಿ ನಡೆದದ್ದನ್ನು ಪುಟ್ಟಸಿದ್ದಯ್ಯನೇ ಆಮೇಲೆ ಅವಳಿಗೆ ಹೇಳಿದ.

ಎಂಬತ್ತೇಳನೇ ಇಸವಿ, ಮಾಗಿಯ ಚಳಿ. ಪುಟ್ಟಸಿದ್ದಯ್ಯ ಕೊಳ್ಳೇಗಾಲದಿಂದ ನಡೆದೇ ಊರಿಗೆ ಬರುತ್ತಿದ್ದ. ಕೊನೇ ಬಸ್ಸು ತಪ್ಪಿತು ಅನ್ನುವುದು ಹೆಂಡತಿಗೆ ಹೇಳುವ ಮಾತು. ಬಸ್ಸು ಅವನ ಕಣ್ಣೆದುರಿಗೇ ಹೊರಟಿತ್ತು, ಅವನು ಹತ್ತಲಿಲ್ಲ. ಬೇಗ ಹೋದರೆ ಮಾದೇವಮ್ಮ ಎದ್ದಿರುತ್ತಾಳೆ. ಎದ್ದಿದ್ದರೆ ಕೇಳುತ್ತಾಳೆ.

ಕೇಳುವುದು ಒಂದೇ ಮಾತು. “ನನ್ ತಮ್ಮ ಬೆಟ್ಟಕ್ಕೆ ಓಗೋ ಮುಂಚೆ ಗಾಡಿ ಯಾರ್ಗಾರಾ ತೋರ್ಸಿದ್ನಾ?”

“ಗೊತ್ತಿಲ್ಲ ಕಣಮ್ಮಿ.”

ಗೊತ್ತಿತ್ತು. ಪುಟ್ಟಸಿದ್ದಯ್ಯ ಲಾರಿಗಳ ಬ್ರೇಕಿಗೆ ಲೈನರ್, ಅಂದರೆ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ, ಹೊಡೆಯುವವನು. ಹನೂರು ರಸ್ತೆಯಲ್ಲಿ ಅವನ ತಗಡಿನ ಶೆಡ್ಡು. ಚಕ್ರ ಬಿಚ್ಚಿ ಡ್ರಮ್ ತೆಗೆದು ಲೈನರ್ ನೋಡುವುದು ಬೇರೆಯವರ ಪದ್ಧತಿ. ಇವನದು ಹಾಗಲ್ಲ. ಚಕ್ರದ ಹಿಂದಿನ ತಗಡಿನ ಕಿಂಡಿಗೆ ಕೈ ತೂರಿಸಿ, ಲೈನರಿನ ಅಂಚಿಗೆ ಹೆಬ್ಬೆರಳ ಉಗುರು ಒತ್ತಿ, ಎಷ್ಟು ಸವೆದಿದೆ ಅಂತ ಹೇಳಿಬಿಡುತ್ತಿದ್ದ. ಅವನ ಉಗುರು ಹೇಳಿದ್ದೇ ಸರಿ ಅಂತ ಡ್ರೈವರುಗಳೆಲ್ಲ ನಂಬಿದ್ದರು. ಅವನೂ ನಂಬಿದ್ದ.

ಬಾಮೈದ ಬಿಳಿಗಿರಿ ಲೊಕ್ಕನಹಳ್ಳಿಯವನು, ಕರಿಕಲ್ಲು ಸಾಗಿಸುವ ಲಾರಿಯ ಡ್ರೈವರು. ಬೆಟ್ಟಕ್ಕೆ ಹೊರಟ ದಿನ ಅವನು ಗಾಡಿ ತಂದು ತೋರಿಸಿದಾಗ ಉಗುರು ಲೈನರಿನ ಮೇಲೆ ಸರಿಯಾಗಿ ಕೂರಲೇ ಇಲ್ಲ, ಅಷ್ಟು ಸವೆದಿತ್ತು. ಮೈಸೂರಿನಿಂದ ಹೊಸ ಲೈನರ್ ಬರಲು ಎರಡು ದಿನವಿತ್ತು. ಪುಟ್ಟಸಿದ್ದಯ್ಯ ಅಡ್ಜಸ್ಟರನ್ನು ಎರಡು ಹಲ್ಲು ಬಿಗಿ ಮಾಡಿ, ಕೈ ಒರೆಸಿಕೊಂಡು, “ಇನ್ನೊಂದ್ ಟ್ರಿಪ್ ತಡೀತದೆ, ಓಗು” ಅಂದ. ಬೆಟ್ಟದಿಂದ ಪಾಲಾರ್ ಕಡೆಗೆ ಇಳಿಯುವ ಘಾಟಿಯಲ್ಲಿ, ಮೂರನೇ ತಿರುವಿನಲ್ಲಿ, ಲಾರಿ ನಿಲ್ಲಲಿಲ್ಲ.

ಬಿಳಿಗಿರಿ ಸತ್ತು ಎರಡು ತಿಂಗಳಾಗಿತ್ತು. ಪುಟ್ಟಸಿದ್ದಯ್ಯ ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಮುದ್ದೆ ನುಂಗಿದರೆ ನುಂಗಿದ ಹಾಗಿರಲಿಲ್ಲ. ತಣ್ಣೀರು ಹುಯ್ದುಕೊಂಡರೆ ಚಳಿಯಾಗುತ್ತಿರಲಿಲ್ಲ.

ಊರಿಗೆ ಮುಕ್ಕಾಲು ಮೈಲಿ ಇದೆ ಅನ್ನುವಾಗ ಒಂದು ಆಲದ ಮರ, ಅದರ ಬುಡದಲ್ಲಿ ಹಾಳುಬಾವಿ. ಅಲ್ಲಿಗೆ ಬಂದಾಗ ಮೊದಲು ಕೇಳಿಸಿದ್ದು... ಕಿರ್ರ್. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಸದ್ದು. ಲೈನರ್ ಪೂರ್ತಿ ಸವೆದು ರಿವಿಟ್ಟಿನ ತಲೆ ಡ್ರಮ್ಮಿಗೆ ತಾಗಿದಾಗ ಬರುವ ಸದ್ದು. ಪುಸ್ಸ್... ಅಂತ ಬ್ರೇಕು ಗಾಳಿ ಬಿಟ್ಟಿತು. ಆಮೇಲೆ ಟಿಕ್... ಟಿಕ್... ಅಂತ ಕಾದ ಡ್ರಮ್ ಆರುವ ಸದ್ದು. ಸುಟ್ಟ ಲೈನರಿನ ಘಾಟು ಮೂಗಿಗೆ ಹೊಡೆಯಿತು.

ರಸ್ತೆ ಬದಿಯಲ್ಲಿ ಲಾರಿ. ದೀಪವಿಲ್ಲ.

“ಬಾವ...”

ಅವನು ನಿಂತ.

“ಎಷ್ಟದೆ, ನೋಡು ಬಾವ.”

ಪುಟ್ಟಸಿದ್ದಯ್ಯ ಮಂಡಿಯೂರಿದ. ಕಿಂಡಿಗೆ ಕೈ ತೂರಿಸಿದ. ಉಗುರು ಒತ್ತಿದ. ಬಾಯಿ ತಾನಾಗಿಯೇ ಹೇಳಿತು:

“ಇನ್ನೊಂದ್ ಟ್ರಿಪ್ ತಡೀತದೆ. ಓಗು.”

“ಸರಿ ಬಾವ.”

ಗೇರು ಬಿತ್ತು. ಲಾರಿ ಹೋಯಿತು. ಏನು ಹೇಳಿದೆ ಅನ್ನುವುದು ಅವನಿಗೆ ಹೊಳೆದದ್ದು ಊರ ಮುಂದಿನ ಕಟ್ಟೆಗೆ ಬಂದ ಮೇಲೆ. ಹೆದರಿಕೆ ಮಾತ್ರ ಆಗಲಿಲ್ಲವಂತೆ. ಈ ಮಾತು ಹೇಳುವಾಗ ಸೋಮಮ್ಮನೇ ಸೆರಗು ಹೊದ್ದುಕೊಂಡಳು.

ಬೆಳಿಗ್ಗೆ ನೋಡಿದರೆ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಉರಿಯಿರಲಿಲ್ಲ.

ಮಾರನೇ ರಾತ್ರಿಯೂ ಅದೇ ಮರ, ಅದೇ ಸದ್ದು, ಅದೇ ಪ್ರಶ್ನೆ. ಬೇರೆ ಹೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಅದೇ. ಮೂರನೇ ರಾತ್ರಿಯೂ ಅದೇ.

ಹಗಲು ಮಾತ್ರ ಶೆಡ್ಡಿಗೆ ಬಂದ ಗಾಡಿಗಳ ಡ್ರಮ್ಮನ್ನೆಲ್ಲ ಬಿಚ್ಚತೊಡಗಿದ. ನಾಲ್ಕನೇ ದಿನ ಶಿವಶಂಕರ ಅನ್ನುವ ಡ್ರೈವರು ರೇಗಿದ.

“ಏನಣ್ಣೋ, ನಿನ್ ಉಗುರಿಗೆ ಪೆನ್ಷನ್ ಕೊಟ್ಬುಟ್ಯಾ? ಮೊನ್ನೆ ತಾನೆ ಹಾಕಿರೋ ಲೈನರ್ ಕಣಣ್ಣ ಇದು!”

“ಇರ್ಲಿ. ನೋಡ್ಬುಡ್ತೀನಿ.”

“ಅವತ್ತು ಬಿಳಿಗಿರಿ ಗಾಡೀನೂ ಇಂಗೇ ಬಿಚ್ಚಿದ್ರೆ...” ಶಿವಶಂಕರ ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ, “ಇಲ್ಲೇ ನಿಂತಿತ್ತಲ್ಲಣ್ಣ ಗಾಡಿ. ನಾನೇ ನೋಡಿದ್ನಲ್ಲ. ಅಕ್ಕಂಗೆ ಗೊತ್ತಾ?”

ಪುಟ್ಟಸಿದ್ದಯ್ಯ ಡ್ರಮ್ಮಿನ ಮೇಲೆ ಸುತ್ತಿಗೆ ಹಾಕಿದ. ಠಣ್. ಠಣ್.

ಆ ರಾತ್ರಿ ಆಲದ ಮರದ ಕೆಳಗೆ ಲಾರಿ ಮೊದಲೇ ಬಂದು ನಿಂತಿತ್ತು. ಕಾಯುತ್ತಿದ್ದ ಹಾಗೆ.

“ಎಷ್ಟದೆ, ನೋಡು ಬಾವ.”

ಉಗುರು ಒತ್ತಿದ. ಲೈನರಿರಲಿಲ್ಲ. ಬೆರಳಿಗೆ ಸಿಕ್ಕಿದ್ದು ರಿವಿಟ್ಟಿನ ತಲೆಗಳು, ಒಂದಾದ ಮೇಲೊಂದು. ಬಾಯಿ ಹಳೇ ಮಾತಿಗೆ ತೆರೆಯಿತು. ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಎಷ್ಟು ಹೊತ್ತೋ... ಆಮೇಲೆ ಕೈ ತೆಗೆದ.

“ಏನೂ ಇಲ್ಲ ಕಣ್ಲಾ. ಮುಗ್ದೋಗದೆ. ಅವತ್ತೂ ಇರ್ಲಿಲ್ಲ.” ಉಸಿರು ತಕ್ಕೊಂಡ. “ಓಗ್ಬ್ಯಾಡ. ಇಳಿ.”

ಟಿಕ್... ಟಿಕ್... ಡ್ರಮ್ ಆರುತ್ತಿತ್ತು.

ಕ್ಯಾಬಿನ್ನಿನ ಬಾಗಿಲು ಕಿರುಗುಟ್ಟಿತು. ಧಪ್ ಅಂತ ಯಾರೋ ನೆಲಕ್ಕೆ ಇಳಿದ ಸದ್ದು. ಪುಟ್ಟಸಿದ್ದಯ್ಯ ತಿರುಗಿ ನೋಡದೆ ಊರ ಕಡೆ ನಡೆದ. ಹಿಂದೆ ನಾಲ್ಕು ಮಾರು ದೂರದಲ್ಲಿ ಚಪ್ಪಲಿ... ಚಪ್, ಚಪ್, ಚಪ್. ಇವನು ನಿಂತರೆ ಅದೂ ನಿಲ್ಲುತ್ತಿತ್ತು.

ಮಾದೇವಮ್ಮ ಬಾಗಿಲು ತೆಗೆದಳು. ಗಂಡನ ಭುಜದಾಚೆ ಕತ್ತಲೆಗೆ ಕಣ್ಣು ಹಾಯಿಸಿದಳು.

“ಜೊತೇಲಿ ಯಾರ್ ಬಂದ್ರು?”

ಯಾರೂ ಇಲ್ಲ ಅನ್ನಬಹುದಿತ್ತು. ಅವನು ಹೊಸಿಲಿನಾಚೆಯೇ ನಿಂತು ಹೇಳಿದ, “ಮಾದೇವಿ, ಅವತ್ತು ಗಾಡಿ ನೋಡಿದ್ದು ನಾನೇಯ. ಲೈನರ್ ಸವ್ದೋಗಿತ್ತು. ಗೊತ್ತಿದ್ದೂ ಕಳಿಸ್ದೆ.”

ಬಿರುಕಿನ ಈಚೆ ಸೋಮಮ್ಮ ಕಿವಿಯಿಟ್ಟು ಕೂತಿದ್ದಳು. ಮಾದೇವಮ್ಮ ಕೂಗುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಳು. ಏನೂ ಇಲ್ಲ.

“ಅವತ್ತು ಉಂಡಿದ್ನಾ ಅವ್ನು?” ಮಾದೇವಮ್ಮನ ದನಿ.

“ಉಂಡ. ನೀನು ಕಟ್ಟಿದ್ದ ಮುದ್ದೇಲಿ ಅರ್ಧ ಕೊಟ್ಟೆ.”

“ಸೊಪ್ಪಿನ ಸಾರು ಇತ್ತು ಅವತ್ತು.”

“ಊಂ. ಉಪ್ಪು ಜಾಸ್ತಿ ಆಗದೆ, ಅಕ್ಕಂಗೇಳು ಅಂದ.”

ಆಗ ಅತ್ತದ್ದು ಅವಳಲ್ಲ, ಅವನು. ಎರಡು ತಿಂಗಳಲ್ಲಿ ಅದೇ ಮೊದಲು. ಹೆಬ್ಬೆರಳು ಉರೀತದೆ, ಉರೀತದೆ ಅಂತ ಮಗುವಿನ ಹಾಗೆ ಅತ್ತನಂತೆ. ಮಾದೇವಮ್ಮ ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಒಳಗಿನಿಂದ ಒಂದು ಚಾಪೆ ತಂದು, ಅವನನ್ನು ದಾಟಿಕೊಂಡು ಹೋಗಿ, ಜಗುಲಿಯ ಮೇಲೆ ಹಾಸಿದಳು. ಅದು ಗಂಡನಿಗೆ ಅಂದುಕೊಂಡಳು ಸೋಮಮ್ಮ. ಆದರೆ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ್ದು ಕೇಳಿಸಿತು.

ಬೆಳಗಿನ ಜಾವ ನೀರಿಗೆ ಅಂತ ಹೊರಟ ಸೋಮಮ್ಮ ಜಗುಲಿ ನೋಡಿದಳು. ಪಕ್ಕದ ಮನೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ, ಒಳಗಿನಿಂದ ಅಗುಳಿ ಹಾಕಿತ್ತು. ಚಾಪೆಯನ್ನು ಯಾರೋ ಚೆನ್ನಾಗಿ ಸುತ್ತಿ ಗೋಡೆಗೆ ನಿಲ್ಲಿಸಿದ್ದರು. ಮಾಗಿಯ ಚಳಿಗೆ ಜಗುಲಿಯ ಕಲ್ಲೆಲ್ಲ ಕೊರೆಯುತ್ತಿತ್ತು. ಅವಳು ಚಾಪೆ ಮುಟ್ಟಿ ನೋಡಿದಳು.

ಬೆಚ್ಚಗಿತ್ತು.

ಇದು ನಡೆದದ್ದು. ಸೋಮಮ್ಮ ಬೇರೆ ವಿಷಯದಲ್ಲಿ ಸುಳ್ಳು ಹೇಳಿದ್ದಾಳೆ, ನನಗೇ ಗೊತ್ತು. ಇದರಲ್ಲಿ ಹೇಳಿಲ್ಲ. ನಿಮ್ಮ ಕಡೆ ಘಾಟಿ ಇಳಿಯುವ ಡ್ರೈವರು ಯಾರಾದರೂ ಇದ್ದರೆ, ಗಾಡಿ ಹತ್ತುವ ಮುಂಚೆ ಅವರಿಗೂ ಇದನ್ನು ಒಂದು ಸಲ ಹೇಳಿ.