ನಿಮ್ಮ ಪಾಲಿನ ಅರ್ಧ

...ಒತ್ರಿ ಅತ್ತೆ. ನನ್ನ ಪಾಲು ನಾನು ಹೇಳಿ ಆತು, ಈಗ ನಿಮ್ದು. ಒಂದು ಸಲ ಬೆರಳು ಒತ್ತಿದ್ರೆ ಜಪಸರದಾಗೆ ಒಂದು ಮಣಿ ಮುಂದೆ ಹೋಗ್ತೈತೆ. ಲಕ್ವ ಹೊಡೆದು ಮಾತು ಹೋದಾಗಿಂದ ಎರಡು ವರ್ಷ ಹಂಗೇ ನಡೆಸಿದೀವಲ್ಲ. ನಿನ್ನೆ ಸಂಜೆವರೆಗೂ ಸರಿಯಾಗೇ ಒತ್ತಿದ್ರಿ.

ಯಾಕ್ರೀ, ಕೈ ನೋಯ್ತೈತಾ? ತಡೀರಿ, ಸ್ವಲ್ಪ ಎಣ್ಣೆ ಉಜ್ತೀನಿ... ಎಡಗೈ ಬೆಚ್ಚಗೇ ಐತೆ, ಜೀವ ಐತೆ. ಮತ್ತೆ ಯಾಕೆ ಗೋಡೆ ಕಡೆ ಮುಖ? ನನ್ನ ನೋಡ್ರಿ. ಬ್ಯಾಡ, ನೋಡಬ್ಯಾಡ್ರಿ. ಬೆರಳು ಒತ್ತಿದ್ರೆ ಸಾಕು.

ತ್ಯಾವಣಿಗೆಯ ತವರಿನಿಂದ ಬಂದಾಗ ನನಗೇನು ಗೊತ್ತಿತ್ತು ಹೇಳ್ರಿ. ಕೊರಳಾಗೆ ಲಿಂಗ, ಹಣೆ ಮ್ಯಾಲೆ ವಿಭೂತಿ. ಹಂಗೇ ನಿಮ್ಮ ಮಗ ವಿನಯ್ ಕರ್ಕೊಂಡು ಬಂದು ಈ ಬಾಗಿಲಾಗೆ ನಿಲ್ಲಿಸಿದ್ರು. ನೀವು ಬೈತೀರಿ ಅಂದ್ಕಂಡಿದ್ದೆ. ನೀವು ಉಂಡಿದೀಯಾ ಅಂತ ಕೇಳಿದ್ರಿ, ಅಷ್ಟೇ. ಆಮೇಲೆ ಒಲೆ ಮುಂದೆನೇ ಕಲಿಸಿದ್ರಿ. ಒಂದು ರೊಟ್ಟಿಗೆ ಒಂದು ನಮೋ ಮರಿಯಾ ಜಪ. ನಾನು ಬಡಿಯೋವಾಗ ಮೊದಲಿನ ಅರ್ಧ ನಂದು, ನೀವು ಬೇಯಿಸೋವಾಗ ಉಳಿದ ಅರ್ಧ ನಿಮ್ದು. ನಾನು ತಪ್ಪಿದ್ರೆ ರೊಟ್ಟಿ ಸೀದು ಹೋಗ್ತಿತ್ತು, ನೆನಪೈತಾ...

ನಗು ಬರ್ಲಿಲ್ವಾ. ಇದಕ್ಕೆ ದಿನಾ ತುಟಿ ಓರೆ ಮಾಡ್ತಿದ್ರಿ.

ಐವತ್ಮೂರು ಮಣಿಗೂ ಅದದೇ ಮಾತು ಹೇಳಿದ್ರೆ ದೇವರಿಗೆ ಬೇಜಾರಾಗಲ್ವಾ ಅಂತ ಕೇಳಿದ್ದೆ. ಪ್ರಾರ್ಥನೆ ಅಂದ್ರೆ ಕೇಳಾಕೆ ಹೋಗೋದಲ್ಲ ಕಣೇ, ಹತ್ರ ಹೋಗಿ ಕೂರೋದು ಅಂದ್ರಿ. ಕೂತಿದೀನಲ್ಲ ಅತ್ತೆ. ಎರಡು ವರ್ಷದಿಂದ ಕೂತಿದೀನಿ. ನಿಮ್ಮ ಹತ್ರ ಕೂತಿದೀನಿ, ಆ ದೇವರು ಎಲ್ಲಿ ಕೂತಾನೋ ನನಗೆ ಗೊತ್ತಿಲ್ಲ. ಒಂದು ದಿನಾನೂ ಆ ಕಡೆಯಿಂದ ಯಾರೋ ಕೇಳಿಸ್ಕಂಡ್ರು ಅನಿಸಿಲ್ಲ.

ಓ... ಬೆಳಿಗ್ಗೆ ಚರ್ಚಿನ ಸಿಸ್ಟರ್ ಹೇಳಿದ್ದು ಮನಸ್ಸಿಗೆ ಹಚ್ಕಂಡ್ರಾ? ನಿಮಗೆ ಪರಮಪ್ರಸಾದ ತಂದೋರು ಸುಮ್ನೆ ಕೊಟ್ಟು ಹೋಗಬಾರದಾ. ಎಂಟು ದಿನದಿಂದ ನಿಮ್ಮ ಸೊಸೆ ಯಶೋಧರಾ ಸಂತ ಜೋಸೆಫರ ಮುಂದೆ ಮೇಣದಬತ್ತಿ ಹಚ್ತಿದಾಳೆ, ನಾಳೆಗೆ ಒಂಬತ್ತು ದಿನದ ಪ್ರಾರ್ಥನೆ ಮುಗೀತೈತೆ ಅಂದ್ರು. ಅದ್ರಾಗೆ ಏನೈತೆ? ಅವರು ಬಡಗಿ ಕೆಲಸ ಮಾಡಿದ ಸಂತರು, ದುಡಿಯೋರ ಕಷ್ಟ ಗೊತ್ತು. ವಿನಯ್ ಶಿವಮೊಗ್ಗ ಪ್ರೈವೇಟ್ ಬಸ್ಸಿನಾಗೆ ಎಷ್ಟು ವರ್ಷ ಅಂತ ನಿಂತ್ಕಂಡು ಟಿಕೆಟ್ ಹರೀತಾರೆ, ಒಂದು ಸರ್ಕಾರಿ ಕೆಲಸ ಆಗ್ಲಿ ಅಂತ...

ಕಣ್ಣು ಮುಚ್ಚಬ್ಯಾಡ್ರಿ.

ಸರಿ. ನರಳದೆ ಜೀವ ಹೋಗ್ಲಿ ಅನ್ನೋ ಒಳ್ಳೆ ಮರಣದ ಪ್ರಾರ್ಥನೆ ಅಂತನೇ ಅಂದ್ರು ಸಿಸ್ಟರ್, ನಿಮಗೆ ಕೇಳಿಸ್ತು. ನಿಮಗೆ ಹೇಳ್ಕೊಡಬೇಕಾ ಅದನ್ನ. ಹೊನ್ನಾಳಿಯಾಗೆ ನಮ್ಮೋರು ಹದಿನಾಲ್ಕು ಮನೆ, ಯಾರು ಹಾಸಿಗೆ ಹಿಡಿದ್ರೂ ಪಕ್ಕದಾಗೆ ಕೂತು ಅದನ್ನ ಹೇಳ್ತಿದ್ದೋರು ನೀವೇ. ಇದು... ಇದು ಹಿಂದಿನ ಬೀದಿ ಇನ್ನಾಸಪ್ಪಜ್ಜನಿಗೆ. ಪಾಪ, ಭಾಳ ನರಳ್ತಾರೆ. ಅವರ ಸೊಸೆ ಕೈ ಮುಗಿದು ಕೇಳ್ಕಂಡ್ಲು, ಅದಕ್ಕೆ ಹಚ್ತೀನಿ ಅಂದೆ.

ಯಾಕ್ರೀ ಹಂಗೆ ನೋಡ್ತೀರಿ?

ಇನ್ನಾಸಪ್ಪಜ್ಜನಿಗೇ ಅತ್ತೆ. ಅವರು...

ತೀರಿಕೊಂಡು ಎರಡು ತಿಂಗಳಾತು. ನಾನೇ ಬಂದು ಹೇಳಿದ್ದೆ. ಆ ಸಂಜೆ ಅವರ ಆತ್ಮಕ್ಕೆ ಅಂತ ನೀವು ಐವತ್ಮೂರೂ ಮಣಿಗೆ ಒತ್ತಿದ್ರಿ, ಒಂದೂ ಬಿಡ್ಲಿಲ್ಲ. ಮರ್ತೇ ಹೋಗಿತ್ತು ನನಗೆ... ಸುಳ್ಳು ಹೇಳಾಕೂ ಬರಲ್ಲ ನೋಡ್ರಿ.

ನಿಮಗೇ ಹಚ್ಚಿದ್ದು.

ಬೆನ್ನಿನ ಹುಣ್ಣು ತೊಳೆಯೋವಾಗ ನಿಮಗೆ ದನಿ ಬರಲ್ಲ, ಬರೀ ಕಣ್ಣೀರು ಬರ್ತೈತೆ. ಅದನ್ನ ನೋಡಾಕೆ ಆಗಲ್ಲ ಅಂತ ಫಾದರ್ ಹತ್ರ ಹೇಳಿದೆ. ಅವರು ತಲೆ ಆಡಿಸಿದ್ರು. ಅದು ನಿಜ, ಪೂರ್ತಿ ನಿಜ ಅಲ್ಲ. ನನಗೆ ಸಾಕಾಗೈತೆ ಅತ್ತೆ. ಬೆಳಿಗ್ಗೆ ಎದ್ದು ಈ ಕೋಣೆ ಬಾಗಿಲು ತೆಗೆಯೋ ಮುಂಚೆ ಒಂದು ಗಳಿಗೆ ನಿಲ್ತೀನಿ. ಉಸಿರು ಕೇಳಿಸದಿದ್ರೆ ಅಂತ ನಿಲ್ತೀನಿ. ಆಮೇಲೆ ಕೇಳಿಸ್ತೈತೆ. ಗಂಜಿ ಕಾಯಿಸಾಕೆ ಹೋಗ್ತೀನಿ. ಎರಡು ವರ್ಷ ನೀವು ಎದ್ದು ಕೂರ್ಲಿ ಅಂತ ಬೇಡಿದೆ, ಆಗ್ಲಿಲ್ಲ. ಇದಾದ್ರೂ ಕೊಡ್ತಾನೇನೋ ಅಂತ... ಹತ್ರ ಕೂರೋದು ಬಿಟ್ಟು ಕೇಳಾಕೆ ಹೋದೆ ನಾನು.

ಏನಾದ್ರೂ ಮಾಡ್ರಿ. ಉಗುರಾದ್ರೂ ಚುಚ್ಚಿರಿ.

ಆತು, ಈ ಮಣಿ ಒಂದು ಮುಗಿಸಾಣ. ಅರ್ಧಕ್ಕೆ ಬಿಡಬಾರದು ಅಂತ ನೀವೇ ಹೇಳಿದ್ದು. ನನ್ನ ಅರ್ಧ ಮತ್ತೊಂದು ಸಲ ಹೇಳಿದೆ ಅಂದ್ಕಳ್ರಿ. ಒತ್ರಿ...

ಒತ್ತಲ್ವಾ. ಬಿಡ್ರಿ, ನಿಮ್ಮ ಪಾಲೂ ನಾನೇ ಹೇಳ್ತೀನಿ. ಸಂತ ಮರಿಯಾ, ದೇವಮಾತೆಯೇ, ಪಾಪಿಗಳಾದ ನಮಗಾಗಿ ಈಗಲೂ ನಮ್ಮ... ಈಗಲೂ, ನಮ್ಮ...

ಮರಿಯಾ, ದೇವಮಾತೆಯೇ, ಈಗಲೂ ನಮ್ಮ...

ಎಂಟು ದಿನದಿಂದ ಆ ಸಾವನ್ನೇ ಬೇಡಿದೋಳು ನಾನು, ಈಗ ಜಪದ ಕೊನೇಗೆ ಬರೋ ಆ ಮರಣದ ಮಾತು ಬಾಯಿಗೆ ಬರ್ತಿಲ್ಲ. ಇದು ನಿಮ್ಮ ಪಾಲು ಅತ್ತೆ. ಇಷ್ಟು ವರ್ಷ ಇದನ್ನ ನೀವೇ ಹೇಳಿದ್ದು, ನಾನಲ್ಲ. ಒತ್ರಿ.