ಹೊಲಿಗೆ ಹೊರಗಿಟ್ಟ ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ಮಾಸ್ಟ್ರ ಮನೆಯವರಾದ ಅಕ್ಕನಿಗೆ, ಮಾಸ್ಟ್ರ ಒಡಹುಟ್ಟಿದ ದೊಡ್ಡಣ್ಣನವರಿಗೆ, ನಮ್ಮ ಅಂಗಡಿಯ ಗಿರಾಕಿಗಳಿಗೆ, ಈ ಬೀದಿಯ ಹಿರಿಯರಿಗೆ ನಮಸ್ಕಾರ. ಕಟಿಂಗ್ ಟೇಬಲ್ಲಿನ ಕೆಳಗೆ ಕೂತಿರುವ ಮಾಸ್ಟ್ರ ಮಗಳು ಮರಿಗೂ ನಮಸ್ಕಾರ.

ಮೊದಲು ಕ್ಷಮೆ ಕೇಳುತ್ತೇನೆ. ಬಾಯಿಪಾಠ ಹೇಳುವ ಧೈರ್ಯವಿಲ್ಲದೆ ಇದನ್ನು ಬರೆದುಕೊಂಡು ಬಂದಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕಾಗೆಕಾಲು ಗುಬ್ಬಿಕಾಲು, ಕಾಗುಣಿತ ದೇವರಿಗೇ ಪ್ರೀತಿ. ನಡುನಡುವೆ ನಾನು ನಿಂತರೆ ಅಳು ಬಂತು ಅಂದುಕೊಳ್ಳಬೇಡಿ — ಬರೆದದ್ದು ನನಗೇ ಓದಲು ಬರುತ್ತಿಲ್ಲ ಅಂದುಕೊಳ್ಳಿ.

ಇಲ್ಲಿ ನಿಲ್ಲಬೇಕಾದವರು ನಾನಲ್ಲ, ನಮ್ಮ ಮೆಷಿನ್ ಅಣ್ಣ. ಮಾಸ್ಟ್ರ ಪಕ್ಕದ ಮೆಷಿನ್ನಿನಲ್ಲಿ ಕೂತು ತಲೆಗೂದಲು ಬೆಳ್ಳಗಾಗಿಸಿಕೊಂಡವರು. ಅವರನ್ನು ಕೇಳಿದ್ದಕ್ಕೆ, "ನಾನು ಬಾಯಿ ಬಿಟ್ರೆ ಮಾತು ಬರಲ್ಲ ಕಣಮ್ಮ, ಬೇರೆ ಏನೋ ಬರುತ್ತೆ. ನೀನೇ ಹೋಗು" ಅಂದರು. ನಾನು ಇಲ್ಲಿ ಕಾಜ ಗುಂಡಿ ಹಾಕುವವಳು. ಗಿರಾಕಿ ಬಂದರೆ ಗೋಡೆ ಕಡೆ ತಿರುಗಿ ಕೂರುವವಳು. ಧ್ವನಿಯೂ ಸಣ್ಣದು. ಮೈಕ್ ತರಿಸಿಲ್ಲ, ಯಾಕೆಂದರೆ ಅದು ಕಿರಿಚುತ್ತದೆ. ಮರಿಗೆ ಅದು ಆಗುವುದಿಲ್ಲ. ಹಿಂದಿನವರಿಗೆ ಕೇಳಿಸದಿದ್ದರೆ ಮುಂದೆ ಬನ್ನಿ — ಹಾಂ, ಬನ್ನಿ, ಜಾಗ ಇದೆ.

ಮಾಸ್ಟ್ರ ನೆನಪಿನ ಸಭೆಯನ್ನು ಒಂದು ಒಳ್ಳೆಯ ಹಾಲ್‌ನಲ್ಲಿ ಮಾಡಬಹುದಿತ್ತು, ಈ ಇಕ್ಕಟ್ಟಿನ ಅಂಗಡಿಯಲ್ಲಿ ಯಾಕೆ ಅಂತ ಕೆಲವರು ಕೇಳಿದಿರಿ. ಅಕ್ಕ ಹೇಳಿದರು, "ಮರಿ ಬರೋದು ಇಲ್ಲಿಗೆ ಮಾತ್ರ. ಅವಳಿಲ್ಲದೆ ಅವಳಪ್ಪನ ಸಭೆ ಯಾಕೆ?" ಅದಕ್ಕೇ ಮೆಷಿನ್ನುಗಳನ್ನು ಗೋಡೆಗೆ ಸರಿಸಿದ್ದೇವೆ. ಟೇಬಲ್ಲಿನ ಮೇಲೆ ಮಾಸ್ಟ್ರ ಫೋಟೋ. ಟೇಬಲ್ಲಿಗೆ ಇಳಿಬಿಟ್ಟ ಬಟ್ಟೆಯ ಹಿಂದೆ ಅವರ ಮಗಳು.

ಇನ್ನೊಂದು ಮಾತು. ಅವಳ ಎದುರಿಗೇ ಅವಳಿಲ್ಲದ ಹಾಗೆ ಅವಳ ಸುದ್ದಿ ಆಡಿದರೆ ಮಾಸ್ಟ್ರಿಗೆ ಕೋಪ ಬರುತ್ತಿತ್ತು. ಹಾಗಾಗಿ ನಿನ್ನೆ ನಾನು ಆ ಬಟ್ಟೆಯ ಹತ್ತಿರ ಕೂತು, "ನಾಳೆ ಅಪ್ಪನ ಮಾತು ಹೇಳೋದಿದೆ. ನಿನ್ನ ಮಾತೂ ಬರುತ್ತೆ. ಬೇಡ ಅಂದ್ರೆ ಟೇಬಲ್ ತಟ್ಟಬಹುದು" ಅಂದೆ. ಹೆಮ್ಮಿಂಗ್ ಮಾಡುತ್ತಾ ತುಂಬ ಹೊತ್ತು ಕಾದೆ. ತಟ್ಟಲಿಲ್ಲ. ಈಗ ತಟ್ಟಿದರೆ ಈಗಲೂ ನಿಲ್ಲಿಸುತ್ತೇನೆ.

— ಸರಿ. ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ದಿನ ಮಾಸ್ಟ್ರು ಗೋಡೆಯ ಜೊತೆ ಮಾತಾಡುತ್ತಿದ್ದರು. "ಬ್ರೆಡ್ಡು ಬೆಚ್ಚಗಿದೆ. ತಟ್ಟೆ ಸ್ಟೂಲಿನ ಮೇಲಿದೆ. ನಾನೀಗ ಇಸ್ತ್ರಿ ಕಡೆ ಹೋಗ್ತೀನಿ." ಅಷ್ಟು ಹೇಳಿ ಹೋಗಿಯೇಬಿಟ್ಟರು. ನನಗೆ ಭಯವಾಯಿತು. ಮೆಷಿನ್ ಅಣ್ಣನ ಕಿವಿಯಲ್ಲಿ, "ಮಾಸ್ಟ್ರಿಗೆ ಸ್ವಲ್ಪ..." ಅಂತ ಹೀಗೆ ಬೆರಳು ತಿರುಗಿಸಿ ತೋರಿಸಿದೆ. "ಏಯ್, ಅವರ ತಲೆ ನೆಟ್ಟಗಿದೆ. ನೀನು ಕೆಳಗೆ ನೋಡು" ಅಂದರು. ಬಟ್ಟೆಯ ಅಂಚಿನಿಂದ ಒಂದು ಪುಟ್ಟ ಕೈ ಬಂತು. ತಟ್ಟೆ ಒಳಗೆ ಹೋಯಿತು.

ಆಮೇಲೆ ಮಾಸ್ಟ್ರೇ ಹೇಳಿದರು. "ತಿನ್ನು ಅಂದ್ರೆ ಅವಳ ಗಂಟಲು ಕಟ್ಟುತ್ತೆ ಕಣಮ್ಮ. ಇದೆ ಅಂದ್ರೆ ಹಸಿವಾಗುತ್ತೆ. ಹಟ ಅಲ್ಲ ಅದು. ಅವಳ ಮೈ ಹಾಗಿದೆ." ವೈದ್ಯರು ಅದಕ್ಕೆ ಆಟಿಸಂ ಅಂತ ಹೆಸರು ಹೇಳಿದ್ದರು. ಮಾಸ್ಟ್ರು ಆ ಹೆಸರನ್ನು ಮುಚ್ಚಿಡಲೂ ಇಲ್ಲ, ಹಣೆಗೆ ಅಂಟಿಸಿಕೊಂಡು ಓಡಾಡಲೂ ಇಲ್ಲ. ಎಡಗೈ ಬಳಸುವವರಿಗೆ ಎಡಗೈ ಕತ್ತರಿ ಕೊಡುವಷ್ಟು ಸಲೀಸಾಗಿ ಇಟ್ಟುಕೊಂಡರು.

ಹಾಗಂತ ಮಾಸ್ಟ್ರು ಮೊದಲಿಂದಲೂ ಶಾಂತಮೂರ್ತಿ ಅಂದುಕೊಳ್ಳಬೇಡಿ. ನಮ್ಮ ಪಾಲಿಗಂತೂ ಕೊನೆಯವರೆಗೂ ಅಲ್ಲ! ನಾನು ಹಾಕಿದ ಮೊದಲ ಕಾಜವನ್ನು ಬೆಳಕಿಗೆ ಹಿಡಿದು, "ಇದು ಕಾಜಾನಾ, ಇಲಿ ತೋಡಿದ ಬಿಲಾನಾ?" ಅಂದವರು ಅವರು. ಮಗಳ ಜೊತೆಗೂ ಮೊದಮೊದಲು ಹಾಗೇ ಇದ್ದರಂತೆ. ಶಾಲೆಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ದಿನಾ ಯುದ್ಧ. ಅಕ್ಕ ಕೈ ಹಿಡಿಯುವುದು, ಮಾಸ್ಟ್ರು ತಲೆಯ ಮೇಲಿಂದ ಅಂಗಿ ತುರುಕುವುದು, ಮಗು ಕಿರುಚುವುದು. ಎಲ್ಲರ ಮಕ್ಕಳೂ ಹಾಕಿಕೊಳ್ಳುತ್ತಾರೆ, ಇವಳಿಗೇನು ಧಾಡಿ ಅಂತ ಅವರ ವಾದ. ಟೈಲರನ ಮಗಳು ಅಂಗಿ ಹಾಕಲ್ಲ ಅಂದರೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ ಅಂತ ಬೇರೆ.

ಒಂದು ದಿನ ಸಂಜೆ ಅಂಗಿ ಬಿಚ್ಚಿದಾಗ ಅವಳ ಕತ್ತಿನ ಹಿಂದೆ, ಲೇಬಲ್ ತಾಗುವ ಜಾಗದಲ್ಲಿ, ಚರ್ಮ ಕಿತ್ತು ರಕ್ತ ಬಂದಿತ್ತು. ಇಡೀ ದಿನ ಕೆರೆದುಕೊಂಡಿದ್ದಳು. ಮಾಸ್ಟ್ರು ಆ ಅಂಗಿ ಹಿಡಿದು ಇಲ್ಲಿ, ಈ ಸ್ಟೂಲಿನ ಮೇಲೆ, ಕೂತರಂತೆ. ಅದನ್ನು ತಿರುವಿ ಹಾಕಿ, ಒಳಗಿನ ಹೊಲಿಗೆಯ ಮೇಲೆ ಬೆರಳು ಆಡಿಸಿದರಂತೆ — ಹೀಗೆ, ಕುರುಡರು ಮುಟ್ಟುವ ಹಾಗೆ. "ಮೀಸೆ ಬರೋಕೆ ಮುಂಚಿಂದ ಅಂಗಿ ಹೊಲಿದಿದ್ದೀನಿ ಕಣಮ್ಮ," ಅಂತ ನನಗೆ ಹೇಳಿದ್ದರು, "ಒಂದು ದಿನನೂ ಒಳಗಡೆ ಕೈಯಾಡಿಸಿ ನೋಡಿರಲಿಲ್ಲ. ನಾನು ಮಗಳನ್ನ ಸರಿ ಮಾಡೋಕೆ ಹೋಗಿದ್ದೆ. ಸರಿ ಮಾಡಬೇಕಿದ್ದಿದ್ದು ಅಂಗಿನ."

ಅವತ್ತಿನಿಂದ ಮರಿಯ ಅಂಗಿಗಳಿಗೆ ಲೇಬಲ್ ಇಲ್ಲ. ಹೊಲಿಗೆಯೆಲ್ಲ ಹೊರಗೆ. ಮೈಗೆ ತಾಗುವ ಕಡೆ ನುಣುಪು, ನೋಡುವವರ ಕಡೆ ಹೊಲಿಗೆಯ ಅಂಚು.

ನೋಡುವವರು ಸುಮ್ಮನಿರುತ್ತಾರಾ? — ಅಕ್ಕ, ಇದನ್ನು ಹೇಳಬಹುದಾ? — ಅಕ್ಕನೇ ಮೊದಲು ಜಗಳ ತೆಗೆದಿದ್ದು. "ಮಗೂನ ತಿರುಗುಮುರುಗು ಅಂಗಿಯಲ್ಲಿ ಕಳಿಸ್ತೀರಲ್ಲ, ನಾಕು ಜನ ನನ್ನ ಮುಖಕ್ಕೆ ಉಗಿಯಲ್ವಾ?" "ಉಗಿದ್ರೆ ಒರೆಸ್ಕೊಳ್ಳೋಣ. ಅವಳ ಕತ್ತಿನ ಗಾಯ ಒರೆಸಿದ್ರೆ ಹೋಗುತ್ತಾ?" ಅಕ್ಕ ವಾರಗಟ್ಟಲೆ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಮರಿ ತಾನಾಗಿ ಅಂಗಿ ಹಾಕಿಕೊಂಡು ಬಂದು ಬಾಗಿಲ ಹತ್ತಿರ ನಿಂತಳಂತೆ. ಅಕ್ಕ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರಂತೆ.

ಇಷ್ಟರಿಂದ ಎಲ್ಲ ಸರಿಹೋಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಮರಿ ಈಗಲೂ ಶಾಲೆಗೆ ಅರ್ಧ ದಿನವಷ್ಟೇ ಹೋಗುತ್ತಾಳೆ, ಕೆಲವು ದಿನ ಅದೂ ಇಲ್ಲ. ಹೊಸಬರ ಹತ್ತಿರ ಮಾತಿಲ್ಲ. ಸದ್ದು ಜಾಸ್ತಿಯಾದರೆ ಟೇಬಲ್ಲಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಗುಂಯ್‌ಗುಡುತ್ತಾಳೆ. ಮಾಸ್ಟ್ರು ಸೋತ ದಿನಗಳೂ ಇದ್ದವು. ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಒಳಗೆ ಸುಮ್ಮನೆ ನಿಂತಿರುತ್ತಿದ್ದರು. ಪರದೆಯ ಕೆಳಗೆ ಅವರ ಚಪ್ಪಲಿ ಕಾಣುತ್ತಿತ್ತು. ನಾವು ಯಾರೂ ಕರೆಯುತ್ತಿರಲಿಲ್ಲ. ಆ ಪಾಠವನ್ನು ಅವರೇ ತಾನೇ ಕಲಿಸಿದ್ದು.

ದೊಡ್ಡಣ್ಣನವರೇ, ಈಗ ನಿಮ್ಮ ಮಾತು ಬರುತ್ತದೆ. ಚಿಕ್ಕ ಬಾಯಲ್ಲಿ ದೊಡ್ಡ ಮಾತು, ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ವರ್ಷ ನೀವು ಇಲ್ಲೇ, ಆ ಬಾಗಿಲಲ್ಲಿ ನಿಂತು ತಮ್ಮನಿಗೆ ಬೈದಿರಿ. "ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ಶಿಸ್ತಿನ ಹಾಸ್ಟೆಲ್ಲಿಗೆ ಹಾಕು, ಪಟ್ಟು ಹಿಡಿದು ಕಲಿಸ್ತಾರೆ. ನೀನಿರೋ ತನಕ ಸರಿ ಕಣೋ. ಆಮೇಲೆ? ಇವಳಿಗೋಸ್ಕರ ಪ್ರಪಂಚ ಅಂಗಿ ತಿರುಗಿಸಿ ಹಾಕ್ಕೊಳ್ಳುತ್ತಾ?"

ಮಾಸ್ಟ್ರು ಕತ್ತರಿ ಕೆಳಗಿಟ್ಟರು. "ಪ್ರಪಂಚ ಬೇಡಣ್ಣ," ಅಂದರು. "ಈ ಬೀದಿ ಸಾಕು."

ನೀವು ಕೈ ಝಾಡಿಸಿಕೊಂಡು ಹೋದಿರಿ. ನೀವು ಕೇಳಿದ್ದು ಪ್ರೀತಿಯಿಂದಲೇ ಅಂತ ಮಾಸ್ಟ್ರಿಗೂ ಗೊತ್ತಿತ್ತು. ಯಾಕೆಂದರೆ ನೀವು ಹೋದ ಮೇಲೆ ಅವರು ಅವತ್ತು ಕತ್ತರಿ ಮತ್ತೆ ಎತ್ತಲಿಲ್ಲ. "ಆಮೇಲೆ" ಅನ್ನುವ ನಿಮ್ಮ ಮಾತು ಅವರ ಎದೆಯಲ್ಲೇ ಕೂತಿತ್ತು ಅಂತ ಕಾಣುತ್ತದೆ. ಅದರ ಮಾರನೇ ವಾರವೇ ಆ ಎಡವಟ್ಟು ಆಗಿದ್ದು.

ನಮ್ಮ ಪೋಸ್ಟ್‌ಮನ್ ಅಣ್ಣ ಅಲ್ಲಿ ಕೂತು ಆಗಲೇ ನಗುತ್ತಿದ್ದಾರೆ. ನಗಿ ಅಣ್ಣ, ಮಾಸ್ಟ್ರಿಗೂ ಅದೇ ಇಷ್ಟ. ಪೋಸ್ಟ್‌ಮನ್ ಅಣ್ಣನ ಕೆಲಸದ ಅಂಗಿ ಹೊಲಿಯಲು ಬಂದಿತ್ತು. ಮಾಸ್ಟ್ರು ಅದೇ ಹೊತ್ತಿಗೆ ಮರಿಗೂ ಅಂಗಿ ಹೊಲಿಯುತ್ತಿದ್ದರು. ಕೈಗೆ ಅಭ್ಯಾಸ ಆಗಿಹೋಗಿತ್ತಲ್ಲ — ಪೋಸ್ಟ್‌ಮನ್ ಅಂಗಿಯನ್ನೂ ಹೊಲಿಗೆ ಹೊರಗೆ ಮಾಡಿ ಹೊಲಿದುಬಿಟ್ಟರು. ನಾನೂ ನೋಡದೆ ಗುಂಡಿ ಹಾಕಿದೆ, ಮೆಷಿನ್ ಅಣ್ಣ ನೋಡದೆ ಇಸ್ತ್ರಿ ಹೊಡೆದರು. ದಿನಾ ಅಂಥದ್ದನ್ನೇ ನೋಡಿ ನೋಡಿ ನಮ್ಮ ಮೂವರ ಕಣ್ಣಿಗೂ ಅದೇ ನೆಟ್ಟಗೆ ಕಂಡಿತ್ತು!

ಪೋಸ್ಟ್‌ಮನ್ ಅಣ್ಣ ಟ್ರಯಲ್ ರೂಮಿನಿಂದ ಹೊರಗೆ ಬಂದರು. ಭುಜದ ಮೇಲೆ ಹೊಲಿಗೆ ಕೋಳಿ ಜುಟ್ಟಿನ ಹಾಗೆ ಎದ್ದು ನಿಂತಿದೆ. "ಏನ್ ಮಾಸ್ಟ್ರೇ ಇದು? ನಾನು ಕಾಗದ ಹಂಚೋದಾ, ಸರ್ಕಸ್ಸಿಗೆ ಸೇರೋದಾ?" ಮಾಸ್ಟ್ರ ಮುಖ ಬಿಳಿಚಿಕೊಂಡಿತು. "ಬಿಚ್ಚಿ ಕೊಡಿ ಸ್ವಾಮಿ, ತಪ್ಪಾಯ್ತು, ಸಂಜೆಗೆ ಸರಿ ಮಾಡ್ತೀನಿ" ಅಂತ ಕೈ ಚಾಚಿದರು.

ಆಗ ಟೇಬಲ್ಲಿನ ಕೆಳಗಿನಿಂದ ಒಂದು ಧ್ವನಿ ಬಂತು.

"ಚುಚ್ಚಲ್ಲ."

ಅಷ್ಟೇ. ಒಂದೇ ಮಾತು. ಅಲ್ಲಿಯವರೆಗೆ ಅವಳು ಒಬ್ಬ ಗಿರಾಕಿಯ ಹತ್ತಿರವೂ ಮಾತಾಡಿದವಳಲ್ಲ. ನಾವು ಯಾರೂ "ಅಯ್ಯೋ, ಮಾತಾಡಿದ್ಲು!" ಅನ್ನಲಿಲ್ಲ. ಹಾಗೆ ಅಂದರೆ ಬಾಗಿಲು ಮತ್ತೆ ಮುಚ್ಚುತ್ತದೆ ಅಂತ ಗೊತ್ತಿತ್ತು. ನಾನು ದಾರ ಪೋಣಿಸುವ ಹಾಗೆ ನಟಿಸಿದೆ. ಮೆಷಿನ್ ಅಣ್ಣ ಖಾಲಿ ಮೆಷಿನ್ ತುಳಿದರು. ಪೋಸ್ಟ್‌ಮನ್ ಅಣ್ಣ ಭುಜ ಅಲ್ಲಾಡಿಸಿ, ಕತ್ತು ಅತ್ತಿತ್ತ ತಿರುಗಿಸಿ, ಗೋಡೆಗೆ ಹೇಳಿದರು. "ಹೌದಲ್ಲ, ಚುಚ್ಚಲ್ಲ."

ಅದನ್ನೇ ಹಾಕಿಕೊಂಡು ಹೋದರು. ಬೀದಿಯೆಲ್ಲ ನಕ್ಕಿತು, ನಗಲಿ. ಈಗಲೂ ಈ ಬೀದಿಯ ಪಾಳಿ ಬಂದ ದಿನ ಅವರು ಅದೇ ಅಂಗಿ ಹಾಕುತ್ತಾರೆ. ಇವತ್ತೂ ಹಾಕಿಕೊಂಡು ಬಂದಿದ್ದಾರೆ, ನೋಡಿ.

ಅವತ್ತು ಮಾಸ್ಟ್ರು ಹೊರಗೆ ಮೆಟ್ಟಿಲ ಮೇಲೆ ಕೂತು, "ಬೀದೀಲಿ ಒಬ್ಬ ಸಿಕ್ಕಿದ" ಅಂದರು. ಅಷ್ಟೇ ಅಂದರು.

ಆಮೇಲೆ — ಎದೆ ನೋವು ಅಂತ ಆಸ್ಪತ್ರೆಗೆ ಹೋದರು. ನಡೆದುಕೊಂಡೇ ಹೋದರು. ವಾಪಸ್ ಬರಲಿಲ್ಲ.

ಮಣ್ಣು ಮಾಡಿ ಬಂದ ದಿನದಿಂದ ಒಂದು ಮಾತು ಮನೆಯಲ್ಲೂ ಬೀದಿಯಲ್ಲೂ ಓಡಾಡುತ್ತಿದೆ. "ಅಪ್ಪ ಸತ್ರೂ ಆ ಹುಡುಗಿ ಕಣ್ಣಲ್ಲಿ ಒಂದು ಹನಿ ಇಲ್ಲ." ನಾನು ಕಂಡದ್ದನ್ನು ಹೇಳುತ್ತೇನೆ. ಮರಿ ಅವತ್ತಿನಿಂದ ಮಾಸ್ಟ್ರ ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡಿದ್ದಾಳೆ. ಕತ್ತಿಗೆ! ಲೇಬಲ್ಲಿನ ಅಂಚು ತಡೆಯದ ಕತ್ತು ಅದು. ಆ ಟೇಪಿನ ಎರಡೂ ತುದಿಗೆ ತಗಡು ಇದೆ, ತಣ್ಣಗೆ ಚುಚ್ಚುತ್ತದೆ. ಅದನ್ನು ಅವಳು ತೆಗೆದಿಲ್ಲ. ಇದನ್ನು ಅಳು ಅನ್ನದಿದ್ದರೆ ಇನ್ನು ಯಾವುದನ್ನು ಅನ್ನೋಣ?

ದೊಡ್ಡಣ್ಣನವರೇ, ಶಾಲೆಯ ಹೊಸ ವರ್ಷಕ್ಕೆ ಅವಳನ್ನು ಹಾಸ್ಟೆಲ್ಲಿಗೆ ಸೇರಿಸುವ ಮಾತು ನಡೆದಿದೆ ಅಂತ ಕೇಳಿದೆ. ತಮ್ಮನ ಸಂಸಾರಕ್ಕೆ ನೀವು ಹೆಗಲು ಕೊಡುತ್ತಿದ್ದೀರಿ. ನಾನು ಈ ಮನೆಯವಳಲ್ಲ, ಅಡ್ಡ ಬರಲು ನನಗೆ ಹಕ್ಕಿಲ್ಲ. ಆದರೆ ಮಾಸ್ಟ್ರು ಗಿರಾಕಿಯ ಒಂದು ಭುಜ ಇಳಿದಿದ್ದರೆ ಅಂಗಿಯ ಭುಜ ಇಳಿಸಿ ಕತ್ತರಿಸುತ್ತಿದ್ದರು. ಮನುಷ್ಯನ ಭುಜ ಎತ್ತಿ ಕಟ್ಟಲು ಹೋಗುತ್ತಿರಲಿಲ್ಲ. ಅವರು ಕತ್ತರಿಸಿಟ್ಟ ಮರಿಯ ಅಂಗಿಯ ತುಂಡುಗಳು ಇನ್ನೂ ಇಲ್ಲಿವೆ. ಅವನ್ನು ನಾನೂ ಮೆಷಿನ್ ಅಣ್ಣನೂ ಹೊಲಿಯುತ್ತೇವೆ, ಹೊಲಿಗೆ ಹೊರಗೇ ಇಟ್ಟು. ಅವು ಚಿಕ್ಕದಾದ ಮೇಲೆ ಮುಂದಿನದನ್ನೂ ಹೊಲಿಯುತ್ತೇವೆ. ಮಧ್ಯಾಹ್ನ ಅವಳು ಇಲ್ಲಿರಲಿ. ತಟ್ಟೆ ಸ್ಟೂಲಿನ ಮೇಲಿರುತ್ತದೆ. ಅವಸರ ಮಾಡಬೇಡಿ ಅಂತ ಮಾತ್ರ ಕೈ ಮುಗಿದು ಕೇಳುತ್ತೇನೆ.

ಇನ್ನು ನನ್ನ ಮಾತು ಮುಗಿಯಿತು. ನಾವೆಲ್ಲ ಎದ್ದು ನಿಂತು ಮಾಸ್ಟ್ರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಮರಿಯನ್ನು ಯಾರೂ ಹೊರಗೆ ಕರೆಯಬೇಡಿ, ಬಗ್ಗಿ ನೋಡಬೇಡಿ. ನಡುವೆ ಅವಳು ಗುಂಯ್‌ಗುಟ್ಟಿದರೆ "ಶ್" ಅನ್ನಬೇಡಿ. ಅದೂ ನಮ್ಮ ಮೌನದ ಒಳಗಿನದೇ.

ಏಳುವ ಮೊದಲು ಒಂದು ಮಾತು. ಇವು ಬಾಡಿಗೆಗೆ ತಂದ ಕಬ್ಬಿಣದ ಕುರ್ಚಿಗಳು. ಈ ಸಿಮೆಂಟ್ ನೆಲದ ಮೇಲೆ ಇಷ್ಟು ಜನ ಒಟ್ಟಿಗೆ ಎದ್ದರೆ ಕರ್ರ್ ಅಂತ ಎಳೆಯುವ ಸದ್ದು ಮರಿಗೆ ಗರಗಸದ ಹಾಗೆ. ಅದಕ್ಕೇ ಬೆಳಿಗ್ಗೆ ಬೇಗ ಬಂದು ಕುರ್ಚಿಗಳ ಕಾಲಿಗೆ ಚಿಂದಿ ಬಟ್ಟೆ ಕಟ್ಟುತ್ತಾ ಕೂತಿದ್ದೆ. ದೊಡ್ಡಣ್ಣನವರು ಬಂದರು. "ಇದ್ಯಾಕಮ್ಮ?" ಅಂದರು. ಹೇಳಿದೆ. ಅವರು ಆ ಟೇಬಲ್ ಕಡೆ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಒಂದು ಹಿಡಿ ಚಿಂದಿ ಎಳೆದುಕೊಂಡು, ಮುಂದಿನ ಸಾಲಿನ ಕುರ್ಚಿಗಳಿಗೆಲ್ಲ ತಾವೇ ಕಟ್ಟಿದರು.

ಅವರಿಗೆ ಅಭ್ಯಾಸವಿಲ್ಲ, ಗಂಟು ಸಡಿಲ ಇರಬಹುದು. ಮುಂದಿನ ಸಾಲಿನವರು ಸ್ವಲ್ಪ ಮೆಲ್ಲಗೆ ಏಳಿ.